ಕರೆಯೋಲೆಯ ಪೂರ್ವೋತ್ತರ

ಗಣಕಯಂತ್ರವು ಕಚೇರಿಯನ್ನು ಪ್ರವೇಶಿಸುವುದಕ್ಕೆ ಮುನ್ನಿನ ದಿನಗಳಲ್ಲಿ, ನಮ್ಮ ನಾಡಿನ ಸರಕಾರಿ ಕಚೇರಿಯೊಂದರಲ್ಲಿ ಸಭೆ ಸೇರಬೇಕಾದರೆ, ಗುಮಾಸ್ತನು ಸೂಚನಾಪತ್ರವನ್ನು ಬೆರಳಚ್ಚು ಮಾಡಿಸಿ, ಮೇಲಧಿಕಾರಿಯ ರುಜು ಪಡೆದು, ಅದರ ಪ್ರತಿಗಳನ್ನು ಟಪಾಲು ಪುಸ್ತಕದೊಡನೆ ಜವಾನನ ಕೈಗೆ ಒಪ್ಪಿಸುತ್ತಿದ್ದನು. ಜವಾನನು ಮೇಜಿನಿಂದ ಮೇಜಿಗೆ, ಕೊಠಡಿಯಿಂದ ಕೊಠಡಿಗೆ ಅವನ್ನು ಮುಟ್ಟಿಸಿ, ಪುಸ್ತಕದಲ್ಲಿ ರುಜು ಹಾಕಿಸಿಕೊಂಡು ಹಿಂದಿರುಗುತ್ತಿದ್ದನು. ಆ ರುಜುವಿನಿಂದ ತಿಳಿಯುತ್ತಿದ್ದುದು ಕಾಗದವು ತಲುಪಿತೆಂಬ ಒಂದು ಸಂಗತಿ ಮಾತ್ರ. ಬರುವೆನೆಂದಾಗಲಿ, ಬರಲಾರೆನೆಂದಾಗಲಿ, ಆ ಹೊತ್ತಿಗೆ ಬೇರೊಂದು ಕಾರ್ಯ ಗೊತ್ತಾಗಿದೆಯೆಂದಾಗಲಿ ಬರೆಯುವುದಕ್ಕೆ ಆ ಪುಸ್ತಕದಲ್ಲಿ ಅಂಕಣವಿರಲಿಲ್ಲ. ಇಂದು ಇಮೇಲಿನ ಪೆಟ್ಟಿಗೆಗೆ ಬಂದು ಬೀಳುವ ಸಭೆಯ ಕರೆಯೋಲೆಯಲ್ಲಿ ಒಪ್ಪಿದೆ, ಒಪ್ಪಲಾರೆ, ಬರಬಹುದು ಎಂಬರ್ಥದ ಮೂರು ಗುಂಡಿಗಳು ಇರುವುದನ್ನು ನಾವು ದಿನವೂ ನೋಡುತ್ತೇವೆ. ಆ ಗುಂಡಿಗಳು ಅಲ್ಲಿಗೆ ಬಂದ ಬಗೆಯನ್ನು ವಿಚಾರಿಸಹೊರಟರೆ, ಮತ್ತೊಬ್ಬರ ಹೊತ್ತಿನ ಮೇಲೆ ನಮಗೆ ಎಷ್ಟರ ಮಟ್ಟಿನ ಅಧಿಕಾರವುಂಟೆಂಬ ಹಳೆಯ ಪ್ರಶ್ನೆಗೆ ಯಂತ್ರಶಿಲ್ಪಿಗಳು ಸುಮಾರು ನಾಲ್ವತ್ತು ವರ್ಷಗಳಿಂದ ಕೊಡುತ್ತ ಬಂದ ಉತ್ತರಗಳ ಸಾಲೊಂದು ಕಣ್ಣೆದುರು ನಿಲ್ಲುತ್ತದೆ.

ಪಾಶ್ಚಾತ್ಯ ದೇಶಗಳ ವಾಣಿಜ್ಯ ಕಚೇರಿಗಳಲ್ಲಿ ಈ ಅಧಿಕಾರವು ಬಹುಕಾಲ ಕಾರ್ಯದರ್ಶಿಯ ಕೈಯಲ್ಲಿದ್ದಿತು. ಲಂಡನ್ನಿನ ಕಾಗದದ ವರ್ತಕ ಜಾನ್ ಲೆಟ್ಸ್ 1812ರಲ್ಲಿ ಮುಂಬರುವ ದಿನಗಳನ್ನು ಅಚ್ಚುಮಾಡಿದ ಡೈರಿಯನ್ನು ಮಾರಾಟಕ್ಕಿಟ್ಟಂದಿನಿಂದ, ನಡೆದುದನ್ನು ಬರೆದಿಡುವ ಪುಸ್ತಕವು ನಡೆಯಬೇಕಾದುದನ್ನು ಗುರುತಿಸುವ ಪುಸ್ತಕವೂ ಆಯಿತು. ಅಧಿಕಾರಿಯ ಮೇಜಿನ ಮೇಲೊಂದು, ಕಾರ್ಯದರ್ಶಿಯ ಮೇಜಿನ ಮೇಲೊಂದು ಎಂದು ಎರಡು ಡೈರಿಗಳನ್ನಿಟ್ಟು, ಬೆಳಗಿನ ಹೊತ್ತು ಒಂದಕ್ಕೊಂದು ತಾಳೆ ನೋಡುವುದು ಆಕೆಯ ನಿತ್ಯವಿಧಿಗಳಲ್ಲಿ ಒಂದಾಗಿದ್ದಿತು. ಐದು ಮಂದಿಯ ಸಭೆಯನ್ನು ಕೂಡಿಸಬೇಕಾದರೆ ಐವರು ಕಾರ್ಯದರ್ಶಿಗಳು ದೂರವಾಣಿಯಲ್ಲಿ ಮಾತನಾಡಿ, ಯಾರ ಕೆಲಸ ಸರಿಯಬಲ್ಲದು, ಯಾರದು ಸರಿಯಲಾರದು ಎಂಬುದನ್ನು ತಮ್ಮ ತಮ್ಮಲ್ಲೇ ತೀರ್ಮಾನಿಸುತ್ತಿದ್ದರು. ಎಲ್ಲಿಯೂ ಬರೆದಿಡದ ಈ ವಿವೇಕವನ್ನು ಯಂತ್ರಕ್ಕೆ ಕಲಿಸುವುದು ಎಷ್ಟು ದುಸ್ಸಾಧ್ಯವೆಂಬುದು ಮುಂದೆ ತಿಳಿದುಬಂದಿತು.

ಐಬಿಎಂ ಸಂಸ್ಥೆಯು 1981ರಲ್ಲಿ ಹೊರತಂದ ಪ್ರೊಫೆಷನಲ್ ಆಫೀಸ್ ಸಿಸ್ಟಮ್ ಎಂಬುದನ್ನು ಅದನ್ನು ಬಳಸಿದವರೆಲ್ಲರೂ ಪ್ರಾಫ್ಸ್ ಎಂದೇ ಕರೆದರು. ಒಂದು ದೊಡ್ಡ ಗಣಕಯಂತ್ರಕ್ಕೆ ತಂತಿಯಿಂದ ಜೋಡಿಸಿದ ಅನೇಕ ಪರದೆಗಳು. ಪರದೆಯ ಒಂದು ಮಗ್ಗುಲಲ್ಲಿ ಆ ತಿಂಗಳ ತಾರೀಖುಗಳ ಚಿಕ್ಕ ಚೌಕ ಮತ್ತು ಹೊತ್ತು. ಇನ್ನೊಂದು ಮಗ್ಗುಲಲ್ಲಿ, ಯಾವ ಕೀಲಿಯನ್ನೊತ್ತಿದರೆ ಯಾವ ಕೆಲಸವಾಗುವುದೆಂಬ ಪಟ್ಟಿ. ಆ ಪಟ್ಟಿಯಲ್ಲಿ ಅಂಚೆಯನ್ನು ತೆರೆಯುವ ಕೀಲಿ ಎರಡನೆಯದು. ಮೊದಲನೆಯ ಕೀಲಿ ದಿನದ ಕಾರ್ಯಕ್ರಮಗಳನ್ನು ನೋಡುವುದಕ್ಕೆ, ತನ್ನವನ್ನೂ, ಅನುಮತಿಯಿದ್ದಲ್ಲಿ ಪರರವನ್ನೂ. ಪತ್ರಕ್ಕಿಂತ ಮೊದಲು ಹೊತ್ತನ್ನೇ ಹೆಸರಿಸಿದ ಆ ಪಟ್ಟಿಯನ್ನು ರಚಿಸಿದವರು ಕಚೇರಿಯ ಜೀವನವನ್ನು ಚೆನ್ನಾಗಿ ಬಲ್ಲವರಾಗಿದ್ದರೆಂದು ನಾನು ತಿಳಿಯುತ್ತೇನೆ.

ಪ್ರಾಫ್ಸ್ ಲೋಕಪ್ರಸಿದ್ಧವಾದುದು ಮಾತ್ರ ಬೇರೊಂದು ಕಾರಣದಿಂದ. ಇರಾನಿಗೆ ಗುಟ್ಟಾಗಿ ಆಯುಧಗಳನ್ನು ಮಾರಿ, ಆ ಹಣವನ್ನು ನಿಕರಾಗುವದ ಬಂಡುಕೋರರಿಗೆ ಸಾಗಿಸಿದ ಪ್ರಕರಣವು 1986ರ ನವೆಂಬರಿನಲ್ಲಿ ಬಯಲಾಗುತ್ತಿದ್ದಾಗ, ಶ್ವೇತಭವನದ ರಾಷ್ಟ್ರೀಯ ಭದ್ರತಾ ಮಂಡಲಿಯ ಜಾನ್ ಪಾಯಿಂಡೆಕ್ಸ್ಟರ್ ಮತ್ತು ಆಲಿವರ್ ನಾರ್ತ್ ಇವರು ತಮ್ಮ ಪ್ರಾಫ್ಸ್ ಟಿಪ್ಪಣಿಗಳನ್ನು ಅಳಿಸಿಹಾಕಿದರು. ಆದರೆ ಯಂತ್ರದ ಸುರಕ್ಷಾಪ್ರತಿಗಳನ್ನು ಹೊತ್ತ ಟೇಪುಗಳಲ್ಲಿ ಅವು ಉಳಿದುಕೊಂಡಿದ್ದವು. ಅಧ್ಯಕ್ಷ ರೇಗನ್ ಅವರ ಅಧಿಕಾರಾವಧಿ ಮುಗಿಯುವ ಹೊತ್ತಿಗೆ, 1989ರ ಜನವರಿಯಲ್ಲಿ, ಆ ಟೇಪುಗಳನ್ನು ನಾಶಮಾಡಕೂಡದೆಂದು ಹೂಡಿದ ವ್ಯಾಜ್ಯವು 1993ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು: ಕಾಗದದ ಮೇಲೆ ಅಚ್ಚಾದ ಪ್ರತಿಯು ಮೂಲಕ್ಕೆ ಸಮನಾಗಲಾರದು, ಏಕೆಂದರೆ ಯಾರಿಗೆಲ್ಲ ಹೋಯಿತು, ಯಾರಿಗೆ ತಲುಪಿತು ಎಂಬ ವಿವರಗಳು ಅದರಲ್ಲಿ ಪೂರ್ಣವಾಗಿ ಕಾಣಸಿಗವು. ನಮ್ಮ ಜವಾನನ ಟಪಾಲು ಪುಸ್ತಕಕ್ಕೆ ಕಾನೂನಿನ ದೃಷ್ಟಿಯಲ್ಲಿದ್ದ ಬೆಲೆಯು ಹೀಗೆ ವಿದ್ಯುತ್ತಿನ ಟಪಾಲಿಗೂ ದೊರೆತುದು.

ಇಷ್ಟಾದರೂ, ಹಲವರು ಕೂಡಿ ಬಳಸುವ ಕ್ಯಾಲೆಂಡರು ಆ ದಶಕದಲ್ಲಿ ಜನರ ಮನಸ್ಸನ್ನು ಗೆಲ್ಲಲಿಲ್ಲ. ಎಂಐಟಿಯಲ್ಲಿ ಐರೀನ್ ಗ್ರೈಫ್ ಎಂಬ ವಿದುಷಿ, ಅಲ್ಲಿ ಗಣಕಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ, ಬಹುಜನರ ಕ್ಯಾಲೆಂಡರೊಂದನ್ನು ಸಂಶೋಧನೆಗಾಗಿ ರಚಿಸಿದ್ದರು. 1984ರಲ್ಲಿ ಅವರು ಪಾಲ್ ಕ್ಯಾಶ್‌ಮನ್ ಅವರೊಡನೆ ಕರೆದ ಗೋಷ್ಠಿಯಿಂದ, ಜನರು ಕೂಡಿ ಮಾಡುವ ಕೆಲಸಕ್ಕೆ ಗಣಕವು ನೆರವಾಗುವ ಬಗೆಯನ್ನು ಅಭ್ಯಸಿಸುವ ಒಂದು ಶಾಸ್ತ್ರಶಾಖೆಯೇ ಹುಟ್ಟಿತು. ಆ ಶಾಖೆಯ 1988ರ ಸಮ್ಮೇಳನದಲ್ಲಿ ಜೊನಾಥನ್ ಗ್ರೂಡಿನ್ ಓದಿದ ಪ್ರಬಂಧವು, ನನ್ನ ಅಭಿಪ್ರಾಯದಲ್ಲಿ, ಈ ಇತಿಹಾಸದ ಸಂಧಿಸ್ಥಾನ. ಎಲ್ಲರ ಬಿಡುವನ್ನೂ ತಾನೇ ಹುಡುಕಿ ಸಭೆಯನ್ನು ಗೊತ್ತುಪಡಿಸುವ ಯಂತ್ರಗಳು ಏಕೆ ಸೋಲುತ್ತಿವೆಯೆಂಬುದನ್ನು ಅವರು ವಿಚಾರಿಸಿದರು. ಸಭೆ ಕರೆಯುವವನು ಬಹುಮಟ್ಟಿಗೆ ಮೇಲಧಿಕಾರಿ. ಆತನ ಡೈರಿಯನ್ನು ಕಾರ್ಯದರ್ಶಿಯು ಹೇಗೂ ಅಚ್ಚುಕಟ್ಟಾಗಿ ಇಡುತ್ತಾಳೆ. ಯಂತ್ರದಿಂದಾಗುವ ಲಾಭವೆಲ್ಲ ಆತನಿಗೆ. ಆದರೆ ಯಂತ್ರವು ಫಲಿಸಬೇಕಾದರೆ ಕೈಕೆಳಗಿನ ಪ್ರತಿಯೊಬ್ಬನೂ ತನ್ನ ದಿನದ ಪ್ರತಿಯೊಂದು ಕೆಲಸವನ್ನೂ ತಪ್ಪದೆ ಅದರಲ್ಲಿ ನಮೂದಿಸುತ್ತಿರಬೇಕು, ಮತ್ತು ಆ ಶ್ರಮದಿಂದ ಅವನಿಗೆ ದಕ್ಕುವುದು ಇನ್ನಷ್ಟು ಸಭೆಗಳ ಹೊರತು ಮತ್ತೇನೂ ಇಲ್ಲ. ದುಡಿಮೆ ಒಬ್ಬನದು, ಫಲ ಇನ್ನೊಬ್ಬನದು ಎಂಬ ವ್ಯವಸ್ಥೆಯನ್ನು ಜನರು ಪ್ರತಿಭಟಿಸಿ ಕೆಡಹುವುದಿಲ್ಲ. ನಮೂದಿಸುವುದನ್ನು ಮರೆಯುತ್ತಾರೆ, ಅಷ್ಟೇ, ಯಂತ್ರವು ತಾನಾಗಿಯೇ ನಿಷ್ಪ್ರಯೋಜಕವಾಗುತ್ತದೆ.

ಇದಾದ ಏಳು ವರ್ಷಗಳಲ್ಲಿ ಚಿತ್ರವು ಬದಲಾಯಿತು. ಗ್ರೂಡಿನ್ ಮತ್ತು ಲೀಸಿಯಾ ಪೇಲನ್ ಅವರು ಸನ್ ಮೈಕ್ರೋಸಿಸ್ಟಮ್ಸ್ ಹಾಗೂ ಮೈಕ್ರೋಸಾಫ್ಟ್ ಸಂಸ್ಥೆಗಳ ನೌಕರರನ್ನು ಮಾತನಾಡಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲಿನವರ ಆಜ್ಞೆಯಿಲ್ಲದೆಯೇ ಅಲ್ಲಿನ ಜನರು ಈ ಕ್ಯಾಲೆಂಡರುಗಳನ್ನು ರೂಢಿಮಾಡಿಕೊಂಡಿದ್ದುದು ಕಂಡುಬಂದಿತು. ಎಲ್ಲರ ಮೇಜಿನ ಮೇಲೂ ಒಂದೇ ಜಾಲಕ್ಕೆ ಸೇರಿದ ಗಣಕವಿದ್ದಿತು. ಕ್ಯಾಲೆಂಡರು ಅಂಚೆಯೊಡನೆ ಬೆಸೆದುಕೊಂಡಿದ್ದಿತು. ಜೊತೆಯವರು ಬಳಸತೊಡಗಿದ ಮೇಲೆ ಒಬ್ಬನು ಹೊರಗುಳಿಯುವುದು ಕಷ್ಟವಾಯಿತು. ಎರಡು ಸಂಸ್ಥೆಗಳಿಗೂ ಒಂದು ಮುಖ್ಯ ವ್ಯತ್ಯಾಸವಿದ್ದಿತು. ಸನ್‌ನಲ್ಲಿ ಒಬ್ಬನ ಕ್ಯಾಲೆಂಡರು ಅವನೇ ಅದನ್ನು ಮುಚ್ಚುವವರೆಗೆ ಎಲ್ಲರಿಗೂ ತೆರೆದೇ ಇರುತ್ತಿದ್ದಿತು: ಯಾರೊಡನೆ, ಯಾವ ವಿಷಯಕ್ಕಾಗಿ, ಎಷ್ಟು ಹೊತ್ತು ಎಂಬುದನ್ನು ಸಹೋದ್ಯೋಗಿಗಳಲ್ಲಿ ಯಾರು ಬೇಕಾದರೂ ಓದಬಹುದಾಗಿದ್ದಿತು. ಮೈಕ್ರೋಸಾಫ್ಟಿನ ಷೆಡ್ಯೂಲ್ ಪ್ಲಸ್ ತಂತ್ರಾಂಶದಲ್ಲಿ ಇತರರಿಗೆ ಕಾಣುತ್ತಿದ್ದುದು ಬಿಡುವಿದೆಯೋ ಇಲ್ಲವೋ ಎಂಬಷ್ಟು ಮಾತ್ರ. ತಯಾರಕರು ಇಟ್ಟ ಏರ್ಪಾಡನ್ನು ಎರಡೂ ಕಡೆ ಬಹುಪಾಲು ಜನರು ಬದಲಿಸಲಿಲ್ಲ. ಸಾವಿರಾರು ಮಂದಿಯ ಖಾಸಗಿತನದ ಎಲ್ಲೆಯನ್ನು, ಯಾರೊಡನೆಯೂ ಸಮಾಲೋಚಿಸದೆ, ತಂತ್ರಾಂಶವನ್ನು ರಚಿಸಿದ ಕೆಲವರು ಒಂದು ಗುರುತಿನಿಂದ ನಿರ್ಣಯಿಸಿಬಿಟ್ಟರೆಂಬುದು ನಮ್ಮ ಕಾಲಕ್ಕೂ ಗಂಭೀರವಾದ ಸಂಗತಿ. ನನ್ನ ಒಲವು ಎರಡನೆಯ ಏರ್ಪಾಡಿನ ಕಡೆಗೆ: ಬಿಡುವಿಲ್ಲವೆಂದು ಹೇಳುವವನು ಏಕೆಂದು ಹೇಳಬೇಕಾದ ಋಣವನ್ನು ಹೊತ್ತಿರಬಾರದು.

ಈ ಕ್ಯಾಲೆಂಡರುಗಳೆಲ್ಲ ತಮ್ಮ ತಮ್ಮ ಸಂಸ್ಥೆಯ ಗೋಡೆಯೊಳಗೆ ಮಾತ್ರ ಮಾತನಾಡಬಲ್ಲವಾಗಿದ್ದವು. ಲೋಟಸ್ ನೋಟ್ಸ್ ಬಳಸುವವನು ಕಳುಹಿಸಿದ ಕರೆಯು ಔಟ್‌ಲುಕ್ ಬಳಸುವವನಿಗೆ ಬರಿಯ ಓಲೆಯಾಗಿ ಬಂದು ಬೀಳುತ್ತಿದ್ದಿತು. ಆತನು ಅದನ್ನು ಓದಿ, ತನ್ನ ಡೈರಿಗೆ ಕೈಯಾರೆ ಬರೆದುಕೊಳ್ಳಬೇಕಾಗಿದ್ದಿತು. 1998ರ ನವೆಂಬರಿನಲ್ಲಿ ಅಂತರಜಾಲದ ಮಾನಕಗಳನ್ನು ರೂಪಿಸುವ ಮಂಡಲಿಯು ಮೂರು ದಸ್ತಾವೇಜುಗಳನ್ನು ಪ್ರಕಟಿಸಿತು. 2445ನೆಯ ಅಂಕಿಯ ಮೊದಲನೆಯದಕ್ಕೆ ಐಕ್ಯಾಲೆಂಡರ್ ಎಂದು ಹೆಸರು. ಅದರ ಕರ್ತೃಗಳು ಲೋಟಸ್‌ನ ಫ್ರಾಂಕ್ ಡಾಸನ್ ಮತ್ತು ಮೈಕ್ರೋಸಾಫ್ಟಿನ ಡೆರಿಕ್ ಸ್ಟೆನರ್‌ಸನ್, ಮಾರುಕಟ್ಟೆಯಲ್ಲಿ ಪರಸ್ಪರ ಸೆಣಸುತ್ತಿದ್ದ ಎರಡು ಸಂಸ್ಥೆಗಳವರು. ಇದನ್ನು ನಾನು ಸಂತೋಷದಿಂದ ನೆನೆಯುತ್ತೇನೆ.

ಕರೆಯೋಲೆಗೆ ಅಂಟಿಕೊಂಡು ಬರುವ ಐಸಿಎಸ್ ಕಡತವನ್ನು ಸಾಧಾರಣ ಬರೆಹವಾಗಿ ತೆರೆದು ನೋಡಿದರೆ ಆ ಮೂರು ದಸ್ತಾವೇಜುಗಳ ವಿವೇಕವು ಕಾಣಸಿಗುತ್ತದೆ. ಸಭೆಗೆ ಯಾವ ಇನ್ನೊಂದು ಸಭೆಗೂ ಇರದ ಒಂದು ಗುರುತಿನ ಸಂಖ್ಯೆಯುಂಟು. ದಿನ ಬದಲಾಗಲಿ, ಹೆಸರು ಬದಲಾಗಲಿ, ಆ ಸಂಖ್ಯೆಯು ಬದಲಾಗದು. ಅದರ ಪಕ್ಕದಲ್ಲಿ ಸೊನ್ನೆಯಿಂದ ಮೊದಲಾಗುವ ಎಣಿಕೆಯೊಂದಿದ್ದು, ಕರೆದವನು ಹೊತ್ತನ್ನು ತಿದ್ದಿದಾಗ ಅದು ಒಂದರಷ್ಟು ಏರುತ್ತದೆ. ಹಳೆಯ ಓಲೆಯು ತಡವಾಗಿ ತಲುಪಿದರೂ ಹೊಸದನ್ನು ಅಳಿಸಲಾರದು. ಕರೆದವನ ಹೆಸರು ಒಂದು ಸಾಲಿನಲ್ಲಿ. ಕರೆಸಿಕೊಂಡವರ ಹೆಸರುಗಳು ತಲೆಗೊಂದರಂತೆ ಬೇರೆ ಬೇರೆ ಸಾಲುಗಳಲ್ಲಿ, ಪ್ರತಿಯೊಂದರ ಜೊತೆಗೆ ಅವರ ನಿಲುವು: ಇನ್ನೂ ಉತ್ತರಿಸಬೇಕು, ಒಪ್ಪಿದ್ದಾರೆ, ಒಪ್ಪಿಲ್ಲ, ಬರಬಹುದು, ತಮ್ಮ ಬದಲಿಗೆ ಬೇರೊಬ್ಬರನ್ನು ಕಳುಹಿಸುತ್ತಾರೆ. ಸಭೆಯನ್ನು ಸರಿಸುವ, ರದ್ದುಮಾಡುವ ಅಧಿಕಾರವು ಕರೆದವನೊಬ್ಬನದು. ಕರೆಸಿಕೊಂಡವನಿಗೆ ತನ್ನ ಹೆಸರಿನ ಸಾಲಿನ ಮೇಲೆ ಮಾತ್ರ ಒಡೆತನ. ಆದರೆ ಆ ಒಡೆತನವು ಸಂಪೂರ್ಣವಾದುದು, ಕರೆದವನು ಎಷ್ಟೇ ದೊಡ್ಡವನಾದರೂ ಕರೆಸಿಕೊಂಡವನ ಪರವಾಗಿ ಒಪ್ಪಿದೆನೆಂದು ಉತ್ತರ ಬರೆಯುವುದು ಸಲ್ಲದು. ಬೇರೊಂದು ಹೊತ್ತನ್ನು ಸೂಚಿಸುವ ಪ್ರತಿಪ್ರಸ್ತಾಪಕ್ಕೂ, ಅದನ್ನು ತಿರಸ್ಕರಿಸುವ ಉತ್ತರಕ್ಕೂ ಪ್ರತ್ಯೇಕವಾದ ವಿಧಿಗಳಿವೆ. ಮದುವೆಗೆ ಕುಂಕುಮಾಕ್ಷತೆಯಿಟ್ಟು ಕರೆಯುವವರು ಬರುವಿರೋ ಇಲ್ಲವೋ ಎಂದು ನಿಲ್ಲಿಸಿ ಕೇಳುವುದಿಲ್ಲ, ಕರೆಸಿಕೊಂಡವರೂ ಮುಖದೆದುರು ಇಲ್ಲವೆನ್ನುವುದಿಲ್ಲ. ಕಚೇರಿಯ ಕರೆಗೆ ಇಲ್ಲವೆಂಬ ಮಾತು ಎಷ್ಟು ಅಗತ್ಯವೆಂದರೆ ಅದನ್ನು ಮಾನಕದಲ್ಲಿಯೇ ಬರೆದಿಡಬೇಕಾಯಿತು.

2006ರ ಏಪ್ರಿಲಿನಲ್ಲಿ ಗೂಗಲ್ ಕ್ಯಾಲೆಂಡರು ಬಂದು ಮನೆವಾರ್ತೆಯವರಿಗೂ ಈ ಸೌಕರ್ಯವು ದೊರೆಯಿತು. 2007ರಲ್ಲಿ ಕ್ಯಾಲ್‌ಡ್ಯಾವ್ ಎಂಬ ಮಾನಕದಿಂದ ಕ್ಯಾಲೆಂಡರುಗಳು ಸರ್ವರುಗಳೊಡನೆ ನೇರವಾಗಿ ಮಾತನಾಡಲು ಕಲಿತವು. 2013ರಲ್ಲಿ, ಲಾಗೋಸಿನಲ್ಲಿ ಹುಟ್ಟಿ ಅಟ್ಲಾಂಟದಲ್ಲಿ ನೆಲೆಸಿದ ಟೋಪೆ ಅವೊಟೋನ ಅವರು ಸ್ಥಾಪಿಸಿದ ಕ್ಯಾಲೆಂಡ್ಲಿಯಲ್ಲಿ, ಕೇಳುವವನು ತನ್ನ ಬಿಡುವುಗಳನ್ನೆಲ್ಲ ಮುಂದಿಟ್ಟು, ಆರಿಸುವ ಕೆಲಸವನ್ನು ಎದುರಿನವರಿಗೆ ಬಿಡುವ ಕ್ರಮವು ಪ್ರಚಾರಕ್ಕೆ ಬಂದಿತು. ಗುರುವು ಶಿಷ್ಯರಿಗೆ ಹೀಗೆ ಬಿಡುವನ್ನು ಹಂಚಿದರೆ ಅದು ಅನುಗ್ರಹವೆನಿಸುತ್ತದೆ. ನೆರವು ಬೇಡುವವನೇ ಹಿರಿಯರಿಗೆ ಅದೇ ಕೊಂಡಿಯನ್ನು ಕಳುಹಿಸಿದರೆ ಅವರು ನೊಂದುಕೊಳ್ಳುತ್ತಾರೆ. ಶ್ರಮ ಯಾರದು, ಫಲ ಯಾರದು ಎಂಬ 1988ರ ಪ್ರಶ್ನೆಯೇ ಇಲ್ಲಿಯೂ ಒಳಗೆ ಕೆಲಸ ಮಾಡುತ್ತಿರುತ್ತದೆ.

ಈ ಇತಿಹಾಸದಲ್ಲಿ ನಮ್ಮ ನಾಡಿಗೆ ಹತ್ತಿರವಾದ ಅಧ್ಯಾಯವು ದೇಶಕಾಲಗಳ ಅಂತರಕ್ಕೆ ಸಂಬಂಧಿಸಿದುದು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕವನ್ನು ಕಲ್ಪಿಸಿಕೊಂಡ ಮೇಲೆ, ಇಲ್ಲಿನ ಸಂಜೆಯು ಅಲ್ಲಿನ ಬೆಳಗಿಗೆ ಹೊಂದಿಕೊಳ್ಳುವ ಪರಿಪಾಠವು ಕ್ರಮೇಣ ನೂರಾರು ಕಚೇರಿಗಳಿಗೆ ಹರಡಿತು. ನಮ್ಮ ಗಡಿಯಾರವು ವರ್ಷವಿಡೀ ಒಂದೇ ಲೆಕ್ಕದಲ್ಲಿ ನಡೆಯುತ್ತದೆ. ಅಮೆರಿಕದ್ದು ವರ್ಷಕ್ಕೆರಡು ಬಾರಿ ಒಂದು ಗಂಟೆ ಹಿಂದುಮುಂದಾಗುತ್ತದೆ. ನ್ಯೂಯಾರ್ಕಿನ ಬೆಳಗಿನ 10 ಗಂಟೆಯ ಸಭೆಯು ಬೇಸಗೆಯಲ್ಲಿ ಬೆಂಗಳೂರಿನ ಸಂಜೆ 7.30ಕ್ಕೆ, ಚಳಿಗಾಲದಲ್ಲಿ ರಾತ್ರಿ 8.30ಕ್ಕೆ. ಅಲ್ಲಿನ 2005ರ ಕಾಯಿದೆಯಂತೆ ಗಡಿಯಾರವನ್ನು ಮುಂದಿಡುವ ದಿನವನ್ನು 2007ರಲ್ಲಿ ಏಪ್ರಿಲಿನಿಂದ ಮಾರ್ಚ್ 11ಕ್ಕೆ ಎಳೆದಾಗ, ಹಳೆಯ ನಿಯಮದಂತೆ ವಿಶ್ವಕಾಲಕ್ಕೆ ಪರಿವರ್ತಿಸಿ ಇಟ್ಟಿದ್ದ ಸಭೆಗಳು ಹೊಸ ನಿಯಮದ ಪರದೆಯಲ್ಲಿ ಒಂದು ಗಂಟೆ ತಡವಾಗಿ ತೋರಿದವು. ಅವನ್ನು ಸರಿಪಡಿಸುವುದಕ್ಕೆ ಬೇರೆಯ ಉಪಕರಣಗಳನ್ನೇ ಬಿಡುಗಡೆ ಮಾಡಬೇಕಾಯಿತು; ಅಲ್ಲಿಯವರೆಗೆ ಸಭೆಯ ಹೊತ್ತನ್ನು ಓಲೆಯ ತಲೆಬರೆಹದಲ್ಲಿಯೇ ಬರೆಯಿರೆಂದು ಜನರಿಗೆ ಸಲಹೆ ಕೊಟ್ಟರು.

ಜಗತ್ತಿನ ಗಡಿಯಾರಗಳ ಈ ನಿಯಮಗಳನ್ನೆಲ್ಲ ಒಂದೆಡೆ ಸಂಗ್ರಹಿಸಿಟ್ಟವರು ಆರ್ಥರ್ ಡೇವಿಡ್ ಓಲ್ಸನ್, ಅವರ ಜೊತೆಗೆ ಪಾಲ್ ಎಗರ್ಟ್ ಮತ್ತು ಅನೇಕ ಸ್ವಯಂಸೇವಕರು. ಬೆಂಗಳೂರಿನ ಅನೇಕ ಕರೆಯೋಲೆಗಳು ಆಶ್ರಯಿಸುವ ಸಾಲು ಅದರಲ್ಲಿ ಕೋಲ್ಕತ್ತಾದ ಹೆಸರಿನಲ್ಲಿದೆ. ಮಹಾಯುದ್ಧದ ನಿಮಿತ್ತ 1942ರಿಂದ 1945ರವರೆಗೆ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದುದೂ ಅಲ್ಲಿ ದಾಖಲಾಗಿದೆ. 2011ರಲ್ಲಿ ಜ್ಯೋತಿಷ್ಯದ ತಂತ್ರಾಂಶವನ್ನು ಮಾರುವ ಸಂಸ್ಥೆಯೊಂದು ಹಕ್ಕುಸ್ವಾಮ್ಯದ ವ್ಯಾಜ್ಯವನ್ನು ಹೂಡಿದಾಗ ಆ ಸಂಗ್ರಹವು ಕೆಲವು ದಿನ ನಿಂತುಹೋಗಿ, ಬಳಿಕ ಅಂತರಜಾಲದ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ರಕ್ಷಣೆಗೆ ಸೇರಿತು. ಮರುವರ್ಷ ವ್ಯಾಜ್ಯವನ್ನು ಹಿಂದೆಗೆದುಕೊಂಡರು.

ಗಡಿಯಾರದ ಅಂತರವನ್ನು ಯಂತ್ರವು ಹೀಗೆ ಲೆಕ್ಕಹಾಕಿಕೊಟ್ಟರೂ, ರಾತ್ರಿ 8.30 ಊಟದ ಹೊತ್ತೆಂಬುದು ಅದಕ್ಕೆ ತಿಳಿಯದು. ಕೆಲಸದ ವೇಳೆಯನ್ನು ನಮೂದಿಸುವ ಅಂಕಣವನ್ನು ತಂತ್ರಾಂಶಗಳು ಕೊಟ್ಟಿವೆ, ಆದರೆ ಅದು ಕರೆಯುವವನನ್ನು ಎಚ್ಚರಿಸುತ್ತದೆಯೇ ಹೊರತು ತಡೆಯುವುದಿಲ್ಲ. ವಾರದ ಯಾವ ಗಳಿಗೆಗಳಲ್ಲಿ ತನ್ನನ್ನು ಕರೆಯಬಹುದೆಂದು ಮುಂಚಿತವಾಗಿ ಸಾರುವ ವಿಧಾನವೊಂದನ್ನು 2016ರ ಆಗಸ್ಟಿನಲ್ಲಿ ಮಾನಕವಾಗಿ ಪ್ರಕಟಿಸಲಾಯಿತು. ನಾನು ಬಲ್ಲ ಕಚೇರಿಗಳಲ್ಲಿ ಅದರ ಬಳಕೆ ಕಾಣದು. ಆದುದರಿಂದ ಅಲ್ಲಿನವರು ತಮಗೆ ತಾವೇ ಒಂದು ಕರೆಯನ್ನು ಬರೆದುಕೊಂಡು, ಮಗುವಿಗೆ ಪಾಠ ಹೇಳಿಕೊಡುವ ಹೊತ್ತನ್ನೂ, ತಾಯಿಯನ್ನು ವೈದ್ಯರಲ್ಲಿಗೆ ಕರೆದೊಯ್ಯುವ ಹೊತ್ತನ್ನೂ ಸಭೆಯೆಂದೇ ನಮೂದಿಸಿಡುತ್ತಾರೆ. ಹೊರಗಿನಿಂದ ನೋಡುವವರಿಗೆ ಬಿಡುವಿಲ್ಲವೆಂಬಷ್ಟೇ ಕಾಣುತ್ತದೆ.