ಅಕ್ವೇರಿಯಂ ಮೀನುಗಳಲ್ಲಿ ಗಂಡು-ಹೆಣ್ಣುಗಳ ಗುರುತಿಸುವಿಕೆ

ಅಕ್ವೇರಿಯಂ ಮೀನುಗಳಲ್ಲಿ ಗಂಡು-ಹೆಣ್ಣುಗಳ ಗುರುತಿಸುವಿಕೆ ಎಂದರೆ ಗಾಜಿನ ತೊಟ್ಟಿಗಳಲ್ಲಿ ಸಾಕುವ ಅಲಂಕಾರಿಕ ಮೀನುಗಳ ಲಿಂಗವನ್ನು ಅವುಗಳ ದೇಹರಚನೆ, ಗಾತ್ರ, ಬಣ್ಣ ಮತ್ತು ನಡವಳಿಕೆಗಳ ಆಧಾರದಿಂದ ತಿಳಿಯುವ ಕ್ರಮ. ಎಲ್ಲ ಪ್ರಭೇದಗಳಿಗೂ ಅನ್ವಯಿಸುವ ಒಂದೇ ಬಾಹ್ಯ ಲಕ್ಷಣ ಮೀನುಗಳಲ್ಲಿ ಇಲ್ಲ. ಬಲಿತ ಗಪ್ಪಿ ಮೀನಿನ ಲಿಂಗವನ್ನು ನೋಡಿದೊಡನೆಯೇ ಹೇಳಬಹುದು. ಏಂಜೆಲ್ ಮೀನಿನಲ್ಲಿ ಮೊಟ್ಟೆಯಿಡುವ ಸಮಯದವರೆಗೆ ಕಾಯಬೇಕು. ಕ್ಲೌನ್ ಮೀನಿನಲ್ಲಿ ಲಿಂಗವೇ ಬದಲಾಗುತ್ತದೆ. ಬಣ್ಣವು ಮೊದಲು ಕಣ್ಣಿಗೆ ಬೀಳುವ ಲಕ್ಷಣವಾದರೂ ಅದೊಂದನ್ನೇ ನಂಬಿದರೆ ತಪ್ಪಾಗುವ ಸಂಭವ ಹೆಚ್ಚು. ಈಜುರೆಕ್ಕೆಗಳ ಮತ್ತು ಜನನಾಂಗದ ರಚನೆಯೇ ಹೆಚ್ಚು ವಿಶ್ವಾಸಾರ್ಹವಾದ ಆಧಾರ.

ಲಿಂಗ ದ್ವಿರೂಪತೆ

ಒಂದೇ ಪ್ರಭೇದದ ಗಂಡು ಮತ್ತು ಹೆಣ್ಣುಗಳು ಹೊರನೋಟಕ್ಕೆ ಭಿನ್ನವಾಗಿರುವುದನ್ನು ಲಿಂಗ ದ್ವಿರೂಪತೆ ಎನ್ನುತ್ತಾರೆ. ಹೆಣ್ಣನ್ನು ಆಕರ್ಷಿಸಬೇಕಾದ ಅಥವಾ ಇತರ ಗಂಡುಗಳೊಡನೆ ಸೆಣಸಬೇಕಾದ ಪ್ರಭೇದಗಳಲ್ಲಿ ಗಂಡಿಗೆ ಉಜ್ವಲವಾದ ಬಣ್ಣ ಮತ್ತು ಉದ್ದನೆಯ ಈಜುರೆಕ್ಕೆಗಳು ಸಾಮಾನ್ಯ. ಮೊಟ್ಟೆಗಳನ್ನು ಅಥವಾ ಮರಿಗಳನ್ನು ಹೊರಬೇಕಾದ ಹೆಣ್ಣಿನ ಉದರಭಾಗವು ಅಗಲವಾಗಿರುತ್ತದೆ. ಗಂಡು-ಹೆಣ್ಣುಗಳೆರಡೂ ಸೇರಿ ಮರಿಗಳನ್ನು ಕಾಯುವ ಅನೇಕ ಪ್ರಭೇದಗಳಲ್ಲಿ ಈ ಭೇದವು ಅತ್ಯಲ್ಪ. ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಿಗೆ ಸೇರಿದ ಕಿತ್ತಳೆ ಕ್ರೋಮೈಡ್ ಇದಕ್ಕೊಂದು ಉದಾಹರಣೆ.

ಮರಿ ಹಾಕುವ ಮೀನುಗಳು

ಗಪ್ಪಿ, ಮೋಲಿ, ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್ ಮೀನುಗಳು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತವೆ. ಇವುಗಳಲ್ಲಿ ಲಿಂಗವನ್ನು ಗುರುತಿಸಲು ಹೊಟ್ಟೆಯ ಕೆಳಗೆ, ಗುದದ್ವಾರದ ಹಿಂದಿರುವ ಈಜುರೆಕ್ಕೆಯನ್ನು ನೋಡಬೇಕು. ಹೆಣ್ಣಿನಲ್ಲಿ ಅದು ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತದೆ. ಗಂಡಿನಲ್ಲಿ ಅದೇ ರೆಕ್ಕೆಯ 3, 4 ಮತ್ತು 5ನೆಯ ಕಡ್ಡಿಗಳು ನೀಳವಾಗಿ ಬೆಳೆದು, ಕಡ್ಡಿಯಂತಹ ಸಂಭೋಗಾಂಗವಾಗಿ ಮಾರ್ಪಡುತ್ತವೆ. ಇದಕ್ಕೆ ಗೊನೊಪೋಡಿಯಂ ಎಂದು ಹೆಸರು. ಗಂಡು-ಹೆಣ್ಣುಗಳೆರಡಕ್ಕೂ ಒಂದೇ ಬಣ್ಣವಿರುವ ಕಪ್ಪು ಮೋಲಿಯಂತಹ ತಳಿಗಳಲ್ಲಿಯೂ ಈ ಗುರುತು ಸ್ಪಷ್ಟವಾಗಿರುತ್ತದೆ.

ಬಲಿತ ಗಂಡು ಗಪ್ಪಿಯು ಸುಮಾರು 1.5ರಿಂದ 3.5 ಸೆಂ.ಮೀ., ಹೆಣ್ಣು ಸುಮಾರು 3ರಿಂದ 6 ಸೆಂ.ಮೀ. ಉದ್ದವಿರುತ್ತದೆ. ಗಬ್ಬದ ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆಯೊಂದು ಕಾಣುತ್ತದೆ. ಗರ್ಭಧಾರಣೆಯ ಅವಧಿ ಸುಮಾರು ಮೂರರಿಂದ ನಾಲ್ಕು ವಾರ.

ಸ್ವೋರ್ಡ್‌ಟೇಲ್ ಗಂಡಿನ ಬಾಲದ ಕೆಳ ಅಂಚು ಕತ್ತಿಯಂತೆ ಚಾಚಿಕೊಂಡಿರುತ್ತದೆ. ಈ ಪ್ರಭೇದದಲ್ಲಿ ಹೆಣ್ಣುಗಳು ಗಂಡಾಗಿ ಬದಲಾಗುತ್ತವೆ ಎಂಬ ನಂಬಿಕೆ ಸಾಕುವವರಲ್ಲಿ ಬಹುಕಾಲದಿಂದ ಇದೆ. ಅಂತಹ ಮೀನುಗಳಲ್ಲಿ ಹೆಚ್ಚಿನವು ತಡವಾಗಿ ಪ್ರೌಢಾವಸ್ಥೆಗೆ ಬರುವ ಗಂಡುಗಳು. ಕತ್ತಿ ಮತ್ತು ಗೊನೊಪೋಡಿಯಂ ಮೂಡುವವರೆಗೆ ಅವು ಹೆಣ್ಣಿನಂತೆಯೇ ಕಾಣುತ್ತವೆ.

ಮೊಟ್ಟೆಯಿಡುವ ಮೀನುಗಳು

ಕಾಳಗದ ಮೀನು: ಥಾಯ್ಲೆಂಡ್ ಮೂಲದ ಬೆಟ್ಟಾ ಗಂಡಿಗೆ ನೀಳವಾದ ಈಜುರೆಕ್ಕೆಗಳಿರುತ್ತವೆ. ಅದು ನೀರಿನ ಮೇಲ್ಮೈಯಲ್ಲಿ ನೊರೆಯ ಗೂಡು ಕಟ್ಟುತ್ತದೆ. ಹೆಣ್ಣಿನ ಹೊಟ್ಟೆಯ ಅಡಿಯಲ್ಲಿ ಅಂಡನಾಳದ ತುದಿಯು ಬಿಳಿಯ ಚುಕ್ಕೆಯಾಗಿ ಕಾಣುತ್ತದೆ. ಗಿಡ್ಡ ರೆಕ್ಕೆಯ ಪ್ಲಾಕಾಟ್ ತಳಿಯ ಗಂಡುಗಳನ್ನು ಹೆಣ್ಣೆಂದು ಭಾವಿಸಿ ಒಂದೇ ತೊಟ್ಟಿಗೆ ಬಿಟ್ಟರೆ, ಅವು ಸಾಯುವವರೆಗೂ ಕಾದಾಡಬಹುದು.

ಗೋಲ್ಡ್ ಫಿಶ್: ವರ್ಷದ ಬಹುಭಾಗ ಗಂಡು-ಹೆಣ್ಣುಗಳು ಒಂದೇ ಬಗೆಯಾಗಿ ಕಾಣುತ್ತವೆ. ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡಿನ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಯ ಮುಂಗಡ್ಡಿಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಗಂಟುಗಳು ಏಳುತ್ತವೆ. ಇವನ್ನು ಬಿಳಿ ಚುಕ್ಕೆ ರೋಗವೆಂದು ತಿಳಿದು ಔಷಧಿ ಹಾಕುವುದುಂಟು. ರೋಗದ ಚುಕ್ಕೆಗಳು ಮೈಮೇಲೆಲ್ಲ ಹರಡಿರುತ್ತವೆ. ಗಂಡಿನ ಗಂಟುಗಳು ಮುಖ್ಯವಾಗಿ ಈ ಎರಡು ಸ್ಥಾನಗಳಲ್ಲಿ ಸಾಲಾಗಿ ಕೂಡಿಕೊಂಡಿರುತ್ತವೆ.

ಗೌರಾಮಿ: ಮುತ್ತಿನ ಗೌರಾಮಿ ಮತ್ತು ಮೂರು ಚುಕ್ಕೆಯ ಗೌರಾಮಿಗಳಲ್ಲಿ ಗಂಡಿನ ಬೆನ್ನಿನ ಈಜುರೆಕ್ಕೆಯು ಉದ್ದವಾಗಿಯೂ ಚೂಪಾಗಿಯೂ ಇರುತ್ತದೆ. ಹೆಣ್ಣಿನಲ್ಲಿ ಅದು ಗಿಡ್ಡ ಮತ್ತು ದುಂಡು.

ಬೆಕ್ಕುಮೀನುಗಳು: ಕೋರಿಡೋರಾಸ್ ಹೆಣ್ಣನ್ನು ಮೇಲಿನಿಂದ ನೋಡಿದಾಗ ಅದರ ನಡುಭಾಗವು ಗಂಡಿಗಿಂತ ಅಗಲವಾಗಿ ಕಾಣುತ್ತದೆ. ಅನ್ಸಿಸ್ಟ್ರಸ್ ಗಂಡಿನ ಮೂತಿಯ ಮೇಲೆ ಕವಲೊಡೆದ ಮೃದುವಾದ ಎಳೆಗಳು ಬೆಳೆಯುತ್ತವೆ.

ಸಿಕ್ಲಿಡ್‌ಗಳು: ಏಂಜೆಲ್ ಮೀನಿನಲ್ಲಿ ಮೊಟ್ಟೆಯಿಡುವ ವೇಳೆಗೆ ಮಾತ್ರ ಜನನನಳಿಕೆ ಹೊರಗೆ ಕಾಣುತ್ತದೆ. ಗಂಡಿನದು ಸಣ್ಣಗೆ ಚೂಪಾಗಿಯೂ ಹೆಣ್ಣಿನದು ದಪ್ಪಗೆ ಮೊಂಡಾಗಿಯೂ ಇರುತ್ತದೆ. ಎರಡು ಹೆಣ್ಣುಗಳು ಜೋಡಿಯಾಗಿ, ಎಲೆಯನ್ನು ಶುಚಿಮಾಡಿ ಮೊಟ್ಟೆಯಿಟ್ಟು ಕಾವಲು ಕಾಯುವುದೂ ಉಂಟು. ಆದ್ದರಿಂದ ಮೊಟ್ಟೆ ಕಂಡ ಮಾತ್ರಕ್ಕೆ ಜೋಡಿಯಲ್ಲಿ ಗಂಡಿದೆ ಎಂದು ಹೇಳಲಾಗದು. ಫಲಿತವಾಗದ ಮೊಟ್ಟೆಗಳು ಬೆಳ್ಳಗಾಗಿ ಹಾಳಾಗುತ್ತವೆ. ಪಶ್ಚಿಮ ಆಫ್ರಿಕಾದ ಕ್ರಿಬೆನ್ಸಿಸ್ ಎಂಬ ಸಿಕ್ಲಿಡ್‌ನಲ್ಲಿ, ಬಣ್ಣದ ಮೀನೆಲ್ಲ ಗಂಡೆಂಬ ಎಣಿಕೆ ತಲೆಕೆಳಗಾಗುತ್ತದೆ. ಇಲ್ಲಿ ಹೊಟ್ಟೆಯ ಮೇಲೆ ಗಾಢವಾದ ಕೆಂಪು ತಳೆಯುವುದು ಹೆಣ್ಣು.

ಲಿಂಗ ಬದಲಾಯಿಸುವ ಮೀನುಗಳು

ಸಮುದ್ರವಾಸಿಯಾದ ಕ್ಲೌನ್ ಮೀನುಗಳ ಗುಂಪಿನಲ್ಲಿ ಅತ್ಯಂತ ದೊಡ್ಡದು ಹೆಣ್ಣು, ಎರಡನೆಯದು ಸಂತಾನೋತ್ಪತ್ತಿ ನಡೆಸುವ ಗಂಡು. ಉಳಿದವು ಪಕ್ವವಾಗದ ಚಿಕ್ಕ ಮೀನುಗಳು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ ಮತ್ತು ಚಿಕ್ಕವುಗಳಲ್ಲೊಂದು ಗಂಡಿನ ಸ್ಥಾನಕ್ಕೆ ಬರುತ್ತದೆ. ರಾಸ್ ಮತ್ತು ಆಂಥಿಯಾಸ್ ಮೀನುಗಳ ಹಲವು ಪ್ರಭೇದಗಳಲ್ಲಿ ಇದಕ್ಕೆ ವಿರುದ್ಧವಾಗಿ ಹೆಣ್ಣು ಗಂಡಾಗಿ ಬದಲಾಗುತ್ತದೆ.

ತಪ್ಪಿಗೆ ಕಾರಣಗಳು

ಮಾರಾಟಕ್ಕೆ ಬರುವ ಮೀನುಗಳು ಹೆಚ್ಚಾಗಿ ಎಳೆಯವು. ಆ ವಯಸ್ಸಿನಲ್ಲಿ ಅನೇಕ ಪ್ರಭೇದಗಳ ಲಿಂಗಲಕ್ಷಣಗಳು ಮೂಡಿರುವುದಿಲ್ಲ. ಗಪ್ಪಿಯಂತಹ ಮೀನುಗಳಿಗೆ ಬಣ್ಣ ಬೇಗ ಬರಲೆಂದು ಗಂಡು ಹಾರ್ಮೋನ್ ಬೆರೆಸಿದ ಆಹಾರ ಕೊಡುವ ಪದ್ಧತಿಯೂ ಇದೆ. ಅಂತಹ ಹೆಣ್ಣುಗಳು ಗಂಡಿನ ಬಣ್ಣ ತಳೆಯುವುದಲ್ಲದೆ ಅವುಗಳ ಸಂತಾನಶಕ್ತಿಯೂ ಕುಂದಬಹುದು. ಊದಿದ ಹೊಟ್ಟೆಯು ಸದಾ ಮೊಟ್ಟೆಯ ಸೂಚನೆಯಲ್ಲ. ಜಲೋದರದಲ್ಲಿಯೂ ಹೊಟ್ಟೆ ಊದುತ್ತದೆ, ಆದರೆ ಆಗ ಹುರುಪೆಗಳು ನಿಮಿರಿ ನಿಲ್ಲುತ್ತವೆ.

ಪ್ರಾಮುಖ್ಯ

ಗಪ್ಪಿ, ಮೋಲಿಗಳಲ್ಲಿ ಗಂಡುಗಳು ಹೆಚ್ಚಾದರೆ ಅವು ಹೆಣ್ಣನ್ನು ಬಿಡುವಿಲ್ಲದೆ ಅಟ್ಟಿಸಿಕೊಂಡು ಹೋಗಿ ಬಳಲಿಸುತ್ತವೆ. ಈ ಕಾರಣದಿಂದ ಒಂದು ಗಂಡಿಗೆ ಎರಡು ಅಥವಾ ಮೂರು ಹೆಣ್ಣುಗಳನ್ನು ಇಡುವುದು ವಾಡಿಕೆ.

ಮರಿಗಳು ಬೇಡವೆನ್ನುವವರು ಕೇವಲ ಹೆಣ್ಣುಗಳನ್ನು ಕೊಂಡರೆ ಉದ್ದೇಶ ಈಡೇರುವುದಿಲ್ಲ. ಹೆಣ್ಣು ಗಪ್ಪಿಯು ವೀರ್ಯಾಣುಗಳನ್ನು ತಿಂಗಳುಗಟ್ಟಲೆ ದೇಹದಲ್ಲಿ ಸಂಗ್ರಹಿಸಿಟ್ಟುಕೊಂಡು, ಗಂಡಿನ ಸಂಪರ್ಕವಿಲ್ಲದೆಯೇ ಹಲವು ಬಾರಿ ಮರಿ ಹಾಕಬಲ್ಲದು. ಗಂಡುಗಳನ್ನು ಮಾತ್ರ ಸಾಕುವುದು ಇದಕ್ಕಿರುವ ಸುಲಭ ಪರಿಹಾರ. ಮರಿಗಳನ್ನು ಬೆಳೆಸುವವರು ಸುಮಾರು ನಾಲ್ಕನೆಯ ವಾರದಿಂದಲೇ ಗುದರೆಕ್ಕೆಯನ್ನು ಪರೀಕ್ಷಿಸಿ ಗಂಡು-ಹೆಣ್ಣುಗಳನ್ನು ಬೇರ್ಪಡಿಸುತ್ತಾರೆ.

ಮಿತಿಮೀರಿ ಹೆಚ್ಚಿದ ಮೀನುಗಳನ್ನು ಕೆರೆಕುಂಟೆಗಳಿಗೆ ಬಿಡುವುದು ಹಾನಿಕರ. ಗಪ್ಪಿ ಮೂಲತಃ ಟ್ರಿನಿಡಾಡ್ ಮತ್ತು ದಕ್ಷಿಣ ಅಮೆರಿಕದ ಈಶಾನ್ಯ ಭಾಗದ ಮೀನು. ಸೊಳ್ಳೆಯ ಮರಿಗಳನ್ನು ತಿನ್ನುವ ಕಾರಣ ಭಾರತದ ಬಾವಿ, ತೊಟ್ಟಿಗಳಿಗೂ ಅದನ್ನು ಬಿಡಲಾಗಿದ್ದು, ಮಲೇರಿಯಾ ನಿಯಂತ್ರಣಕ್ಕಾಗಿ ಕರ್ನಾಟಕದಲ್ಲಿಯೂ ಬಳಕೆಯಾಗಿದೆ. ಗಬ್ಬದ ಒಂದೇ ಹೆಣ್ಣಿನಿಂದ ಹೊಸ ಸಂತತಿ ನೆಲೆಯೂರಬಲ್ಲದು. ಹಾಗೆ ನೆಲೆಯೂರಿದ ಮೀನು ಆಹಾರ ಮತ್ತು ನೆಲೆಗಾಗಿ ಸ್ಥಳೀಯ ಮೀನುಗಳೊಡನೆ ಪೈಪೋಟಿ ನಡೆಸುತ್ತದೆ.

ಪಶ್ಚಿಮ ಘಟ್ಟದ ಡೆನಿಸನ್ ಬಾರ್ಬ್

ಕೇರಳ ಮತ್ತು ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳಿಗೆ ಸೀಮಿತವಾದ ಡೆನಿಸನ್ ಬಾರ್ಬ್ ವ್ಯಾಪಾರದಲ್ಲಿ ಮಿಸ್ ಕೇರಳ ಎಂದೂ ಪ್ರಸಿದ್ಧ. ಫ್ರಾನ್ಸಿಸ್ ಡೇ 1865ರಲ್ಲಿ ಇದನ್ನು ವೈಜ್ಞಾನಿಕವಾಗಿ ವಿವರಿಸಿದನು. ಗಂಡು-ಹೆಣ್ಣುಗಳೆರಡಕ್ಕೂ ಅದೇ ಕೆಂಪು ಪಟ್ಟೆ, ಅದೇ ಕಪ್ಪು ಗೆರೆ. ಬಲಿತ ಹೆಣ್ಣು ತುಸು ದೊಡ್ಡದಾಗಿಯೂ ದುಂಡಗೂ ಇರುವುದೊಂದೇ ಹೊರಗಿನ ಸುಳಿವು. ಅಲಂಕಾರಿಕ ಮೀನಿನ ವ್ಯಾಪಾರಕ್ಕಾಗಿ ಹೊಳೆಗಳಿಂದ ಅತಿಯಾಗಿ ಹಿಡಿದುದು ಇದರ ಅವನತಿಗೆ ಒಂದು ಕಾರಣವಾಗಿದ್ದು, ಇದು ಅಪಾಯದಂಚಿನಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿದೆ. ಹೊಳೆಯ ಮೀನನ್ನು ಉಳಿಸಬೇಕಾದರೆ ತೊಟ್ಟಿಗಳಲ್ಲಿ ಮರಿ ಮಾಡಿಸುವುದು ಒಂದು ಮುಖ್ಯ ಮಾರ್ಗ. ಹಾರ್ಮೋನ್ ಚುಚ್ಚುಮದ್ದಿನ ನೆರವಿನಿಂದ ಇದು ಸಾಧ್ಯವಾಗಿದೆ. ಆ ಕಾರ್ಯದ ಮೊದಲ ಹೆಜ್ಜೆ, ಒಂದೇ ರೂಪದ ಮೀನುಗಳ ನಡುವೆ ಗಂಡಾವುದು ಹೆಣ್ಣಾವುದು ಎಂಬುದನ್ನು ಸರಿಯಾಗಿ ಗುರುತಿಸುವುದೇ ಆಗಿದೆ.