ಮಳೆಯಲ್ಲಿ ಹೊರಟ ಮೋಟಾರು ಮೆರವಣಿಗೆ

ಜುಲೈ ಬಂತೆಂದರೆ ನಮ್ಮ ಮುಂಬಯಿ-ಪುಣೆಯ ಕಾರುಪ್ರಿಯರು ಗುಂಪು ಕಟ್ಟಿಕೊಂಡು ಲೋಣಾವಳ ಘಾಟಿನ ಕಡೆ ಹೊರಡುತ್ತಾರೆ. ಮಂಜು, ಜಲಪಾತ, ಬಿಸಿ ಬಿಸಿ ವಡಾಪಾವ್... ಗಾಜು ಏರಿಸಿದರೆ ಮಳೆ ಹೊರಗೇ ಉಳಿಯಿತು. ಆದರೆ ಕಾರಿಗೆ ಗಾಜೂ ಇಲ್ಲದ, ಮಾಡೂ ಇಲ್ಲದ ಕಾಲದಲ್ಲಿ ಕ್ಲಬ್ಬೊಂದು ಸುರಿಯುವ ಮಳೆಯಲ್ಲೇ ಗುಂಪಾಗಿ ಹೊರಟಿತ್ತು. ಅದು 1896ರ ನವೆಂಬರ್ 14, ಶನಿವಾರ. ಲಂಡನ್ನಿನಿಂದ ಬ್ರೈಟನ್ನಿಗೆ, ಸುಮಾರು 54 ಮೈಲಿ ದಾರಿ.

ಆ ದಿನವನ್ನೇ ಏಕೆ ಆರಿಸಿಕೊಂಡರು? ಅದಕ್ಕೆ ಕಾರಣ ಒಂದು ಕಾನೂನು. 1865ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ರಸ್ತೆಯ ಮೇಲೆ ಓಡುವ ಉಗಿಯಂತ್ರಗಳಿಗೆ ಮೂಗುದಾರ ಹಾಕಿತ್ತು. ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿ. ಬಂಡಿಗೆ ಮೂರು ಜನ ಬೇಕು. ಅವರಲ್ಲೊಬ್ಬ 60 ಗಜ ಮುಂದೆ ಕೆಂಪು ಬಾವುಟ ಹಿಡಿದು ನಡೆಯಬೇಕು! 1878ರಲ್ಲಿ ಬಾವುಟದ ಕಡ್ಡಾಯ ಸಡಿಲವಾಯಿತು, ಮುಂದೆ ನಡೆಯುವ ಮನುಷ್ಯ ಮಾತ್ರ ಉಳಿದ. ಅತ್ತ ಫ್ರಾನ್ಸಿನಲ್ಲಿ 1895ರಲ್ಲೇ ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಕಾರು ಪಂದ್ಯ ನಡೆದು, ಲೆವಾಸರ್ ಎಂಬಾತ ಸುಮಾರು 1,178 ಕಿ.ಮೀ. ದೂರವನ್ನು 48 ಗಂಟೆ 48 ನಿಮಿಷದಲ್ಲಿ ಮುಗಿಸಿದ್ದ. ಇಂಗ್ಲೆಂಡಿನವರು ಇನ್ನೂ ನಡಿಗೆಯ ವೇಗದಲ್ಲೇ ಇದ್ದರು. ಕೊನೆಗೆ 1896ರ ಕಾಯಿದೆ ಹಗುರ ವಾಹನಗಳನ್ನು ಈ ಕಟ್ಟಳೆಗಳಿಂದ ಬಿಡಿಸಿತು. ಮಿತಿ 14 ಮೈಲಿ ಎಂದಾದರೂ ಅಧಿಕಾರಿಗಳು ಅದನ್ನು 12ಕ್ಕೆ ಇಳಿಸಿದರು. ಅದು ಜಾರಿಗೆ ಬಂದ ದಿನವೇ ಈ ಮೆರವಣಿಗೆ.

ಬೆಳಗಿನ ಉಪಾಹಾರದ ಹೊತ್ತಿಗೆ ವಿಂಚಲ್ಸಿ ಪ್ರಭು ಕೆಂಪು ಬಾವುಟವನ್ನು ಹರಿದು ಹಾಕಿದರು. ಆಮೇಲೆ ಮಳೆ, ಗಾಳಿ, ಕೆಸರು. ಆಗಿನ ಹಲವು ಎಂಜಿನ್ನುಗಳಲ್ಲಿ ಪೆಟ್ರೋಲನ್ನು ಹೊತ್ತಿಸುತ್ತಿದ್ದದ್ದು ಬರ್ನರಿನಿಂದ ಕಾಯಿಸಿದ ಕೊಳವೆ. ಜೋರು ಗಾಳಿಗೆ ಬರ್ನರ್ ಆರಿತೆಂದರೆ ಗಾಡಿ ನಿಂತಂತೆಯೇ! ಹೊರಟವರು 33, ಬ್ರೈಟನ್ ಮುಟ್ಟಿದವರು 17 ಎಂದು ಲೆಕ್ಕ. ಮೊದಲು ತಲುಪಿದ್ದು ಫ್ರಾನ್ಸಿನ ಬೊಲೀ ಸಹೋದರರ ಮೂರು ಗಾಲಿಯ ಗಾಡಿಗಳು. ಒಂದು ಕಾರನ್ನು ರೈಲಿನಲ್ಲಿ ಸಾಗಿಸಿ, ಕೊನೆಗೆ ಕೆಸರು ಬಳಿದು ತಂದರೆಂಬ ಪುಕಾರೂ ಇದೆ.

ಇದನ್ನೆಲ್ಲ ಏರ್ಪಡಿಸಿದ್ದು ಮೋಟಾರ್ ಕಾರ್ ಕ್ಲಬ್. ಅದರ ಹಿಂದಿದ್ದವನು ಹ್ಯಾರಿ ಲಾಸನ್. ಪೇಟೆಂಟುಗಳನ್ನು ಕೊಳ್ಳುವುದು, ಕಂಪನಿ ತೆರೆಯುವುದು, ಷೇರು ಮಾರುವುದು ಅವನ ದಂಧೆ. ಬ್ರಿಟನ್ನಿನ ಡೈಮ್ಲರ್ ಕಂಪನಿಯನ್ನು ಅದೇ ವರ್ಷ ಶುರು ಮಾಡಿದವನೂ ಅವನೇ. 1992ರ ಷೇರು ಹಗರಣ ಕಂಡ ನಮ್ಮಂಥ ಬ್ಯಾಂಕಿನವರಿಗೆ ಇಂಥವರ ಚಹರೆ ಪರಿಚಿತ. ಜನ ಕಾರು ನೋಡಿ ಚಪ್ಪಾಳೆ ತಟ್ಟಬೇಕು, ನಾಳೆ ಷೇರು ಕೊಳ್ಳಬೇಕು. 1904ರಲ್ಲಿ ವಂಚನೆಯ ಆರೋಪ ಸಾಬೀತಾಗಿ ಲಾಸನ್ನಿಗೆ ಒಂದು ವರ್ಷ ಕಠಿಣ ಸಜೆಯಾಯಿತು. ಹಾಗೆಂದು ಅವನ ಸಾಲನ್ನು ಪೂರ್ತಿ ರೈಟ್ ಆಫ್ ಮಾಡಲೂ ಮನಸ್ಸು ಬಾರದು. ಡೈಮ್ಲರ್ ಉಳಿಯಿತು, ಬೆಳೆಯಿತು, ಅರಮನೆಗೂ ಕಾರು ಕೊಟ್ಟಿತು.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಈ ಮೆರವಣಿಗೆಗೆ ಮೂರು ತಿಂಗಳು ಮೊದಲು, ಆಗಸ್ಟ್ 17ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬಳಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಪ್ರದರ್ಶನಕ್ಕೆಂದು ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ತೀರಿಕೊಂಡಿದ್ದಳು. ಬ್ರಿಟನ್ನಿನಲ್ಲಿ ಪೆಟ್ರೋಲ್ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಎಂದು ಅವಳನ್ನು ಹೆಸರಿಸುತ್ತಾರೆ. ಕೆಂಪು ಬಾವುಟ ಹಾಸ್ಯಾಸ್ಪದವಾಗಿತ್ತು, ನಿಜ. ಆದರೆ ಅದು ನಡೆದು ಹೋಗುವವನ ಪರವಾಗಿ ಏನೋ ಒಂದು ಮಾತು ಹೇಳುತ್ತಿತ್ತು.

1927ರಲ್ಲಿ ಈ ಓಟಕ್ಕೆ ಮರುಜೀವ ಬಂತು. ಯುದ್ಧದಂಥ ಕೆಲವು ವರ್ಷಗಳನ್ನು ಬಿಟ್ಟರೆ ನವೆಂಬರಿನಲ್ಲಿ ಇಂದಿಗೂ ನಡೆಯುತ್ತದೆ. 1905ಕ್ಕಿಂತ ಮುಂಚಿನ ಕಾರುಗಳಿಗೆ ಮಾತ್ರ ಪ್ರವೇಶ. ಕೆಲವರು ಈಗಲೂ ಹೊರಡುವ ಮುನ್ನ ಕೆಂಪು ಬಾವುಟ ಹರಿಯುತ್ತಾರೆ. ಈ ಮಳೆಗಾಲದಲ್ಲಿ ನೀವೂ ಗುಂಪು ಕಟ್ಟಿಕೊಂಡು ಘಾಟಿಗೆ ಹೊರಡುವವರಾದರೆ ಖಂಡಿತ ಹೋಗಿ ಬನ್ನಿ. ರಸ್ತೆಯಂಚಿನಲ್ಲಿ ಕೊಡೆ ಹಿಡಿದು ನಡೆಯುವವರು ಕಂಡಾಗ ಮಾತ್ರ, ಆ 60 ಗಜವನ್ನೊಮ್ಮೆ ನೆನೆದು, ಬ್ರೇಕಿನ ಮೇಲೆ ಕಾಲಿಡಿ.