ಘಟ್ಟ ಹತ್ತಿದ ಪದವಿಗಳು

ಕಾಲೇಜುಗಳು ತೆರೆದಿರುವ ದಿನಗಳಲ್ಲಿ ಬೆಳಗಿನ ಜಾವ ಕಕ್ಕಿಂಜೆ ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಉಜಿರೆ, ಬೆಳ್ತಂಗಡಿಯ ಕಡೆಗೆ ಇಳಿಯುವ ಬಸ್ಸುಗಳಲ್ಲಿ ಹೆಗಲಿಗೆ ಚೀಲ ಏರಿಸಿಕೊಂಡ ಮಕ್ಕಳು ತುಂಬಿರುತ್ತಾರೆ. ಅದೇ ರಸ್ತೆಯಲ್ಲಿ ಭಾನುವಾರದ ಸಂಜೆ ಚಾರ್ಮಾಡಿ ಘಾಟಿಯನ್ನು ಹತ್ತಿ ಬೆಂಗಳೂರಿಗೆ ಮರಳುವವರು ಯಾರೆಂದು ವಿಚಾರಿಸಿದರೆ, ನಾಲ್ಕೈದು ವರುಷಗಳ ಹಿಂದೆ ಇದೇ ಬಸ್ಸುಗಳಲ್ಲಿ ಇಳಿದು ಹೋಗುತ್ತಿದ್ದವರೇ ಎಂಬುದು ತಿಳಿಯುತ್ತದೆ. ಕಲಿಯಲು ಘಟ್ಟದ ಕೆಳಗೆ, ದುಡಿಯಲು ಘಟ್ಟದ ಮೇಲೆ. ಮಗನಿಗೋ ಮಗಳಿಗೋ ಇಂಜಿನಿಯರಿಂಗ್ ಸೀಟು ಸಿಕ್ಕಿತೆಂದು ಸಂತೋಷಪಡುವ ಮನೆಗಳಲ್ಲಿ ತಾಯಂದಿರು ಮೆಲ್ಲನೆ ಕೇಳುವ ಪ್ರಶ್ನೆಯೊಂದಿದೆ: ಕಲಿತಾದ ಮೇಲೆ ಇಲ್ಲಿಯೇ ಎಲ್ಲಾದರೂ ಕೆಲಸ ಸಿಕ್ಕೀತೇ? ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಬಹಳ ದೀರ್ಘವಾದ ಚರಿತ್ರೆಯಿದೆ. ಇಂಜಿನಿಯರ್ ಎಂಬ ಶಬ್ದವೇ ಹಳ್ಳಿಗೆ ಬರುವ ಮುನ್ನ ಅದು ಹುಟ್ಟಿಕೊಂಡಿತ್ತು.

1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದಾಗ ಅವರ ಯೋಚನೆಯಲ್ಲಿ ಕಾರ್ಖಾನೆಗಳಿರಲಿಲ್ಲ. ಆದರೆ ಹೊಸ ವಿಶ್ವಾಸವನ್ನು ಸ್ವೀಕರಿಸಿದವರು ತಮ್ಮ ಜಾತಿಯೊಂದಿಗೆ ಕುಲಕಸುಬನ್ನೂ, ಒಕ್ಕಲು ಮಾಡುತ್ತಿದ್ದ ಗದ್ದೆಯನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಅನ್ನದ ದಾರಿ ಯಾವುದು? ಈ ಇಕ್ಕಟ್ಟಿನಿಂದಲೇ ಮುದ್ರಣಾಲಯ, ನೇಯ್ಗೆಯ ಮನೆ, ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಎದ್ದವು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಅಚ್ಚಾದದ್ದು ಇಂತಹ ಮುದ್ರಣಾಲಯದಲ್ಲಿ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನಮ್ಮ ಹಳೆಯ ಮನೆಗಳ ಮಾಡಿನ ಮೇಲಿರುವ ಮಂಗಳೂರು ಹೆಂಚಿನ ಮೂಲ ಅದೇ. ಬಳಿಕ ಯಂತ್ರಗಳ ದುರಸ್ತಿಗೂ ತಯಾರಿಕೆಗೂ ಮಿಶನ್ ಒಂದು ಕಾರ್ಯಾಗಾರವನ್ನೇ ತೆರೆಯಿತು. ಜೆಪ್ಪುವಿನಲ್ಲಿಯೇ ಯೇಸುಸಭೆಯ ಗುರುಗಳು ನಡೆಸಿದ ಸಂತ ಜೋಸೆಫರ ಕಾರ್ಯಾಗಾರವೂ ಅನಾಥ ಮಕ್ಕಳ ಕೈಗೆ ಉಳಿ, ಸುತ್ತಿಗೆಗಳನ್ನು ಕೊಟ್ಟಿತು. ಇಲ್ಲಿ ಗಮನಿಸಬೇಕಾದದ್ದು ಕ್ರಮ. ಆ ಕಾಲದಲ್ಲಿ ಕೆಲಸ ಮತ್ತು ಕಲಿಕೆ ಒಂದೇ ಸೂರಿನಡಿ ಇದ್ದವು. ಕಲಿತವನು ಕೆಲಸ ಹುಡುಕಿಕೊಂಡು ಹೊರಡಬೇಕಾಗಿರಲಿಲ್ಲ.

ಮುಂದೆ ಈ ಎರಡು ದಾರಿಗಳು ಬೇರ್ಪಟ್ಟವು. ಕರಾವಳಿಯ ಬುದ್ಧಿವಂತರು ಬ್ಯಾಂಕುಗಳನ್ನು ಕಟ್ಟಿದರು. 1906ರಲ್ಲಿ ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ - ಒಂದು ಸಣ್ಣ ಜಿಲ್ಲೆಯಲ್ಲಿ ಇಷ್ಟು ಬ್ಯಾಂಕುಗಳು ಹುಟ್ಟಿದ್ದು ಬೆರಗಿನ ಸಂಗತಿಯೇ ಸರಿ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರುವುದು ಎರಡು ತಲೆಮಾರುಗಳ ಕನಸಾಯಿತು. ಅತ್ತ ಊರೊಳಗಿನ ದುಡಿಮೆ ಎಂದರೆ ಅಡಿಕೆ, ಮೀನುಗಾರಿಕೆ, ಗೇರುಬೀಜದ ಕಾರ್ಖಾನೆ ಮತ್ತು ಬಂಟ್ವಾಳ, ಬೆಳ್ತಂಗಡಿಯ ಅದೆಷ್ಟೋ ಮನೆಗಳ ಅಡುಗೆ ಖರ್ಚನ್ನು ಹೊತ್ತ ಬೀಡಿ. ಯೋಚಿಸಿ ನೋಡಿ: ಇವುಗಳಲ್ಲಿ ಯಾವುದಕ್ಕೆ ಪದವೀಧರ ಇಂಜಿನಿಯರ್ ಬೇಕು? ಹೆಂಚಿನ ಕಾರ್ಖಾನೆಗೆ ನುರಿತ ಮೇಸ್ತ್ರಿ ಸಾಕಿತ್ತು, ಬ್ಯಾಂಕಿಗೆ ಲೆಕ್ಕ ಬಲ್ಲ ಗುಮಾಸ್ತ ಸಾಕಿತ್ತು. ಜಿಲ್ಲೆಯಲ್ಲಿ ಹಣವಿತ್ತು, ವಿದ್ಯೆಯೂ ಇತ್ತು. ಆದರೆ ಯಂತ್ರವನ್ನು ಹೊಸದಾಗಿ ಕಲ್ಪಿಸಿ ಕಟ್ಟುವ ಉದ್ಯಮ ಬೆಳೆಯಲಿಲ್ಲ.

ಹೀಗಿರುವಾಗಲೇ ಇಂಜಿನಿಯರಿಂಗ್ ವಿದ್ಯೆ ಬಂತು. 1946ರಲ್ಲಿ ಮಂಗಳೂರಿಗೆ ಪಾಲಿಟೆಕ್ನಿಕ್ ಬಂದರೆ, 1957ರಲ್ಲಿ ಮಣಿಪಾಲದಲ್ಲಿಯೂ 1960ರಲ್ಲಿ ಸುರತ್ಕಲ್ಲಿನಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳು ಆರಂಭವಾದವು. ಸುರತ್ಕಲ್ಲಿನ ಕಾಲೇಜಿನ ಹಿಂದೆ ಸಂಸದ ಯು. ಶ್ರೀನಿವಾಸ ಮಲ್ಯರ ಶ್ರಮವಿತ್ತು. ಬಂದರು, ವಿಮಾನ ನಿಲ್ದಾಣ, ಹೆದ್ದಾರಿ, ಕಾಲೇಜು ಇವೆಲ್ಲ ಒಟ್ಟಿಗೆ ಬಂದರೆ ಮಾತ್ರ ಜಿಲ್ಲೆ ಎದ್ದು ನಿಲ್ಲುತ್ತದೆಂದು ಅವರು ನಂಬಿದ್ದರು. ಆದರೆ ಎಲ್ಲವೂ ಒಟ್ಟಿಗೆ ಬರಲಿಲ್ಲ. ಮಲ್ಯರು 1965ರಲ್ಲಿ ತೀರಿಕೊಂಡರು, ನವ ಮಂಗಳೂರು ಬಂದರು ಸಿದ್ಧವಾದದ್ದು 1974ರಲ್ಲಿ. ಅಷ್ಟರೊಳಗೆ ದೇಶದಲ್ಲಿ ಬರಗಾಲ, ಆರ್ಥಿಕ ಹಿಂಜರಿತ, ಪಂಚವಾರ್ಷಿಕ ಯೋಜನೆಗೇ ಬಿಡುವು. 1966ರ ನಂತರದ ಆ ಮೂರು ವರುಷಗಳಲ್ಲಿ ಇಂಜಿನಿಯರಿಂಗ್ ಪದವೀಧರರು ದೇಶದೆಲ್ಲೆಡೆ ಕೆಲಸವಿಲ್ಲದೆ ಕುಳಿತರು. ಸರಕಾರ ಕಾಲೇಜುಗಳ ಪ್ರವೇಶದ ಸಂಖ್ಯೆಯನ್ನೇ ತಗ್ಗಿಸಬೇಕಾಯಿತು. ಇಂಜಿನಿಯರರಿಗೆ ಕೆಲಸವಿಲ್ಲ ಎಂಬ ಕೂಗು ನಮ್ಮ ಕಾಲದ್ದೆಂದು ಭಾವಿಸುವವರು ಈ ಪುಟವನ್ನು ಮರೆತಿರುತ್ತಾರೆ.

ನಮ್ಮ ತಾಲೂಕಿನವರಿಗೆ ಬಹಳ ಹತ್ತಿರದಿಂದ ಪಾಠ ಹೇಳಿದ್ದು ಮಾತ್ರ ಕುದುರೆಮುಖ. ಮಳೆ ಬಿಟ್ಟ ಬೆಳಗಿನಲ್ಲಿ ತಲೆಯೆತ್ತಿದರೆ ಕಾಣುವ ಆ ಶಿಖರದ ಆಚೆಯ ಮಗ್ಗುಲಲ್ಲಿ ಕಬ್ಬಿಣದ ಅದಿರಿದೆ ಎಂಬುದು ಹಳೆಯ ಸಂಗತಿ. ಆದರೆ ಅದು ಕಡಿಮೆ ದರ್ಜೆಯದು, ಅಗೆದು ಹಾಗೆಯೇ ಮಾರುವಂಥದ್ದಲ್ಲ. ಇರಾನ್ ದೇಶ ಸಾಲ ಕೊಟ್ಟು ಅದಿರನ್ನು ಕೊಳ್ಳುತ್ತೇನೆಂದು ಒಪ್ಪಂದ ಮಾಡಿಕೊಂಡ ಮೇಲೆ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. ಅದಿರನ್ನು ಪುಡಿಮಾಡಿ, ಶುದ್ಧಗೊಳಿಸಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರು ಬಂದರಿಗೆ ತಲುಪಿಸುವ ಯೋಜನೆಯದು. ಲಕ್ಯಾದಲ್ಲಿ ಅಣೆಕಟ್ಟು, ಮಲೆಯ ನಡುವೆ ಶಾಲೆ, ಆಸ್ಪತ್ರೆ, ವಸತಿಗಳಿರುವ ಹೊಸ ಊರು. ಸಿವಿಲ್, ಮೆಕ್ಯಾನಿಕಲ್, ಇಲೆಕ್ಟ್ರಿಕಲ್ - ಯಾವ ವಿಭಾಗದವನಾದರೂ ಮನೆಯಿಂದ ದೂರ ಹೋಗದೆ ತಾನು ಕಲಿತದ್ದನ್ನೇ ಮಾಡಬಹುದಾದ ಜಾಗವೊಂದು ಕರಾವಳಿಯ ನೆತ್ತಿಯ ಮೇಲೆಯೇ ಮೂಡಿತು. ಆದರೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಕೊಳ್ಳಬೇಕಾದವನೇ ಹಿಂದೆ ಸರಿದ. ಕಂಪೆನಿ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿಕೊಂಡು ಹೇಗೋ ನಿಂತಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಭದ್ರಾ ನದಿ ಕೆಸರಾಗುತ್ತಿದೆ, ಶೋಲಾ ಕಾಡು ಅಳಿಯುತ್ತಿದೆ ಎಂದು ಪರಿಸರಪ್ರಿಯರು ದೀರ್ಘಕಾಲ ಹೋರಾಡಿದರು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿ, 2005ರ ಡಿಸೆಂಬರ್ 31ರೊಳಗೆ ಗಣಿಗಾರಿಕೆ ನಿಲ್ಲಬೇಕೆಂದಿತು. ನಿಂತಿತು.

ಆ ತೀರ್ಪು ತಪ್ಪೆಂದು ನಾನು ಹೇಳಲಾರೆ. ಮಲೆಯ ನೀರನ್ನೇ ನಂಬಿ ಬದುಕುವ ನಾವು ಹಾಗೆ ಹೇಳುವುದು ಕೃತಘ್ನತೆಯಾದೀತು. ಆದರೆ ಸುಮಾರು ಮೂವತ್ತು ವರುಷಗಳ ಒಂದು ಊರು ಖಾಲಿಯಾದಾಗ ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಊರು ಯಾವುದೆಂದರೆ ಹೇಳಲು ಉತ್ತರವಿಲ್ಲದಂತಾಯಿತು ಎಂಬುದೂ ನಿಜ. ಒಂದೇ ಅದಿರು, ಒಂದೇ ಕಂಪೆನಿ, ದೂರದೇಶದ ಒಬ್ಬನೇ ಗಿರಾಕಿಯನ್ನು ನಂಬಿದ ಉದ್ಯೋಗ ಎಷ್ಟು ತೆಳುವಾದ ನೆಲದ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಬೇಕಿಲ್ಲ. ಬಂದರಿನ ಸುತ್ತ 1976ರಲ್ಲಿ ಉತ್ಪಾದನೆ ತೊಡಗಿದ ಗೊಬ್ಬರದ ಕಾರ್ಖಾನೆ, 1996ರಲ್ಲಿ ಆರಂಭವಾದ ತೈಲ ಶುದ್ಧೀಕರಣಾಗಾರ ಇವು ಉಳಿದವು, ಬೆಳೆದವು. ಆದರೆ ಇಂತಹ ಕಾರ್ಖಾನೆಗಳು ಬೇಡುವ ಬಂಡವಾಳ ದೊಡ್ಡದು, ಬೇಡುವ ಜನ ಕಡಿಮೆ.

ಇತ್ತ ಹಳ್ಳಿಗಳಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಗದ್ದೆ ಅಡಿಕೆ ತೋಟವಾಯಿತು, ತೆಂಕಣದಿಂದ ಬಂದು ಮಲೆಯ ಬುಡದಲ್ಲಿ ನೆಲೆಯೂರಿದ ಕುಟುಂಬಗಳ ಗುಡ್ಡಗಳಲ್ಲಿ ರಬ್ಬರು ಬೆಳೆಯಿತು, ಕೊಲ್ಲಿ ದೇಶಗಳಿಂದ ಹಣ ಬಂತು. ಮಕ್ಕಳನ್ನು ಓದಿಸುವ ಶಕ್ತಿ ಮೊದಲ ಬಾರಿಗೆ ಬಂದವರ ಮನೆಗಳಲ್ಲಿ ಇಂಜಿನಿಯರಿಂಗ್ ಎಂಬುದು ಬರಿಯ ಪದವಿಯಲ್ಲ, ಮಾನ. 1994ರಿಂದ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆದು, ಬಡವರ ಮಕ್ಕಳಿಗೂ ಬಾಗಿಲು ತೆರೆಯಿತು. 2001ರಲ್ಲಿ ಬ್ಯಾಂಕುಗಳ ಶಿಕ್ಷಣ ಸಾಲದ ಯೋಜನೆ ಬಂತು. ಅದೇ ವರುಷ ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ, 2002ರಲ್ಲಿ ಮಂಗಳೂರು ಧರ್ಮಪ್ರಾಂತ್ಯದ ವತಿಯಿಂದ ವಾಮಂಜೂರಿನಲ್ಲಿ, 2007ರಲ್ಲಿ ಉಜಿರೆಯಲ್ಲಿಯೂ ಮೂಡುಬಿದಿರೆಯ ಮಿಜಾರು ಪರಿಸರದಲ್ಲಿಯೂ, 2008ರಲ್ಲಿ ಅಲ್ಲಿಯೇ ಇನ್ನೊಂದು - ಹೀಗೆ ಏಳೆಂಟು ವರುಷಗಳಲ್ಲಿ ಇಂಜಿನಿಯರಿಂಗ್ ಕಾಲೇಜು ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ದೂರಕ್ಕೆ ಬಂತು. ಕಾಲೇಜುಗಳು ಇಷ್ಟು ಬೇಗ ಊರಿಗೆ ಬಂದವು, ಉದ್ಯೋಗ ಆ ವೇಗದಲ್ಲಿ ಬರಲಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಿದ್ದುದರಿಂದ ಈ ಅಂತರ ಬಹುಕಾಲ ಕಣ್ಣಿಗೆ ಬೀಳಲಿಲ್ಲ. ಸೇತುವೆ ಕಟ್ಟಲು ಕಲಿತವನೂ, ಟರ್ಬೈನ್ ಓದಿದವಳೂ ಅಲ್ಲಿ ಒಂದೇ ಬಗೆಯ ಮೇಜಿನ ಮುಂದೆ ಕುಳಿತರು. ಸಂಬಳ ಬಂತು, ಸಾಲ ತೀರಿತು, ಹಂಚಿನ ಮನೆ ತಾರಸಿಯಾಯಿತು. 2008ರ ಜಾಗತಿಕ ಕುಸಿತದ ವರುಷ ನೇಮಕಾತಿ ಪತ್ರ ಕೈಯಲ್ಲಿದ್ದರೂ ಕೆಲಸಕ್ಕೆ ಕರೆ ಬಾರದೆ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತವರನ್ನು ನೀವೂ ಕಂಡಿರಬಹುದು. ತೋಟದ ಪಹಣಿ ಬ್ಯಾಂಕಿನಲ್ಲಿದ್ದ ಆ ಮನೆಗಳಲ್ಲಿ ಅಂಚೆಯವನ ಹೆಜ್ಜೆಯ ಸದ್ದಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮವರೇ ಕಟ್ಟಿದ ಬ್ಯಾಂಕುಗಳ ಆಸರೆಯೂ ತೆಳುವಾಯಿತು: 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು.

2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿತು. ತೋಡುಗಳು ಉಕ್ಕಿ ತೋಟಗಳಿಗೆ ಮರಳು ನುಗ್ಗಿದಾಗ, ಮೇಲಿನ ಊರಿನಲ್ಲಿದ್ದ ಮಕ್ಕಳು ದೂರವಾಣಿಯಲ್ಲಿ ಅಳುವುದನ್ನು ಬಿಟ್ಟರೆ ಏನನ್ನೂ ಮಾಡುವಂತಿರಲಿಲ್ಲ. ಮರುವರುಷ ಕೊರೋನಾದ ನೆಪದಲ್ಲಿ ಅದೇ ಮಕ್ಕಳು ಊರಿಗೆ ಬಂದು ತಿಂಗಳುಗಟ್ಟಲೆ ಮನೆಯಲ್ಲಿಯೇ ಕುಳಿತು ಕಂಪೆನಿಯ ಕೆಲಸ ಮಾಡಿದರು. ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಶೀಟು ಹೊದಿಸಿ ಕುಳಿತವರೂ ಇದ್ದರು. ಆ ದಿನಗಳಲ್ಲಿ ಮುದುಕರ ಮುಖದಲ್ಲಿ ಮೂಡಿದ್ದ ಕಳೆ, ಬಸ್ಸುಗಳು ಮತ್ತೆ ಘಾಟಿ ಹತ್ತಿದ ಮೇಲೆ ಮಾಸಿತು.

ಹಾಗಾದರೆ ಊರಿನಲ್ಲಿ ಕೆಲಸವನ್ನು ಹುಟ್ಟಿಸುವ ಪ್ರಯತ್ನವೇ ನಡೆಯಲಿಲ್ಲವೇ? ನಡೆದಿದೆ, ಅದೂ ನಮ್ಮ ಪಕ್ಕದಲ್ಲಿಯೇ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಕೆಲಸವಿಲ್ಲದ ಯುವಕರಿಗೆ ಊಟ, ವಸತಿ ಕೊಟ್ಟು ಕೆಲವೇ ವಾರಗಳಲ್ಲಿ ಒಂದು ಕಸುಬು ಕಲಿಸಿ, ಬ್ಯಾಂಕಿನ ಸಾಲಕ್ಕೆ ದಾರಿ ತೋರಿಸಿ ಕಳುಹಿಸುವ ಕ್ರಮ ಅದು. 2009ರಲ್ಲಿ ಕೇಂದ್ರ ಸರಕಾರ ಅದೇ ಮಾದರಿಯನ್ನು ದೇಶದ ಜಿಲ್ಲೆಜಿಲ್ಲೆಗೆ ವಿಸ್ತರಿಸಲು ಹೊರಟಿತು. ಇಂಜಿನಿಯರಿಂಗ್ ಪದವಿ ಪಡೆದ ನಮ್ಮ ಮಕ್ಕಳು ಮಾತ್ರ ಇದು ತಮಗಿಂತ ಕಡಿಮೆ ಓದಿದವರ ಜಾಗವೆಂದು ಎಣಿಸಿ ಅದರ ಮುಂದಿನಿಂದಲೇ ಬಸ್ಸಿನಲ್ಲಿ ಹಾದುಹೋಗುತ್ತಾರೆ. ಅದಕ್ಕೆ ಅವರೊಬ್ಬರನ್ನೇ ದೂರಿ ಫಲವಿಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ ಎಂದು ಹೇಳುವಾಗ ನಮ್ಮ ದನಿ ಏರುವುದನ್ನೂ, ಇಲ್ಲಿಯೇ ಇದ್ದಾನೆ ಎನ್ನುವಾಗ ಇಳಿಯುವುದನ್ನೂ ಅವರು ಚಿಕ್ಕಂದಿನಿಂದ ಕೇಳಿಸಿಕೊಂಡೇ ಬೆಳೆದವರು.

ಇನ್ನು ನಮ್ಮ ತೋಟಗಳನ್ನು ನೋಡಿ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಲು, ಕೊಯ್ಲಿನ ಕಾಲದಲ್ಲಿ ಗೊನೆ ಇಳಿಸಲು ಮರ ಹತ್ತುವವರಿಲ್ಲದೆ ಕೃಷಿಕರು ತಿಂಗಳುಗಟ್ಟಲೆ ಕಾಯುತ್ತಾರೆ. ಇದು ಅಪ್ಪಟ ಇಂಜಿನಿಯರಿಂಗಿನ ಸಮಸ್ಯೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಅಡಿಕೆಗೆ ಮಾರುಕಟ್ಟೆ ಒದಗಿಸಿ, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಕಟ್ಟಿ, ರೈತರ ಬೆಳೆಯನ್ನು ನಂಬಿಯೂ ಯಂತ್ರಗಳು ಓಡಬಲ್ಲವೆಂದು ತೋರಿಸಿತು. 2019ರಲ್ಲಿ ಅಡಿಕೆ ಮರವನ್ನು ಬೈಕಿನಂತೆ ಏರುವ ಯಂತ್ರವೊಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಸಣ್ಣ ಪೆಟ್ರೋಲ್ ಇಂಜಿನ್, ಕುಳಿತುಕೊಳ್ಳಲು ಆಸನ, ಇಳಿಯುವಾಗ ಹಿಡಿಯಲು ಬ್ರೇಕು. ಅದನ್ನು ರೂಪಿಸಿದವರು ಬಂಟ್ವಾಳ ತಾಲೂಕಿನ ಸಜಿಪಮೂಡದ ಅಡಿಕೆ ಕೃಷಿಕರೊಬ್ಬರು. ಮರ ಹತ್ತಲು ಆಳು ಸಿಗುತ್ತಿಲ್ಲವೆಂಬ ಚಿಂತೆಯಲ್ಲಿ ಅವರು ಅದಕ್ಕೆ ಕೈಹಾಕಿದ್ದರು.